ಹರಿಹರಪುರದ ಸುತ್ತ ತೊಟ್ಟಿ ಮನೆ ನೋಡಲು ಹೊರಟವರಿಗೆ

ನಡುವೆ ತೊಟ್ಟಿ, ಅಂದರೆ ಆಕಾಶಕ್ಕೆ ತೆರೆದ ಒಳಾಂಗಳ, ಇರುವ ಮಲೆನಾಡಿನ ಹಳೇ ಮನೆಗಳನ್ನು ನೋಡುವ ಆಸೆಯಿದ್ದರೆ ಹರಿಹರಪುರದಲ್ಲಿ ಉಳಿದುಕೊಳ್ಳಿ. ತುಂಗೆಯ ದಂಡೆಯ ಈ ಊರು ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿದೆ. ಇಲ್ಲಿನ ಮಠದ ದೇಗುಲ ಕಲ್ಲಿನಲ್ಲಿ ಹೊಸದಾಗಿ ಎದ್ದು 2022ರಲ್ಲಿ ಕುಂಭಾಭಿಷೇಕವಾಯಿತು. ಬೆಳಗ್ಗೆ ಅಲ್ಲಿ ಕೈಮುಗಿದು, ಉಳಿದ ಹೊತ್ತನ್ನು ಮನೆಗಳಿಗೆ ಇಟ್ಟುಕೊಳ್ಳಿ.

ಮೊದಲು ಕುಪ್ಪಳಿಗೇ ಹೋಗಿ. ಕೊಪ್ಪ–ತೀರ್ಥಹಳ್ಳಿ ರಸ್ತೆಯ ಗಡಿಕಲ್ಲಿನಿಂದ ಒಳಕ್ಕೆ ತಿರುಗಬೇಕು. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯ ತಾಯಿಮನೆಯಲ್ಲಿ, ಬೆಳೆದದ್ದು ಇಲ್ಲಿನ ಮನೆಯಲ್ಲಿ. ಆ ಮನೆ ಈಗ ಸಂಗ್ರಹಾಲಯವಾಗಿರುವುದರಿಂದ ಯಾರ ಸಂಸಾರಕ್ಕೂ ತೊಂದರೆ ಕೊಡದೆ ಜಗಲಿ, ಅಡುಗೆಮನೆ, ಬಚ್ಚಲು, ಉಪ್ಪರಿಗೆ ಎಲ್ಲವನ್ನೂ ಸಾವಕಾಶವಾಗಿ ನೋಡಬಹುದು. ಮುಂಡಿಗೆಗಳ ಮುಂದೆ ತುಸು ಹೊತ್ತು ನಿಲ್ಲಿ. ಇಡೀ ಮಾಡಿನ ಭಾರ ಹೊತ್ತಿರುವುದು ಈ ಮರದ ಕಂಬಗಳೇ.

ಹೆಂಚು ನೋಡಿ ಮನೆಯ ವಯಸ್ಸು ಹೇಳಲು ಹೋಗಬೇಡಿ. ಇಲ್ಲಿ ಮಾಡು ಸಾಮಾನ್ಯವಾಗಿ ಮನೆಗಿಂತ ಹೊಸದು. ಮೊದಲು ಅಡಿಕೆ ಸೋಗೆ ಇಲ್ಲವೇ ಹುಲ್ಲಿನ ಹೊದಿಕೆ. ಮುಂಗಾರಿಗೆ ಮುಂಚೆ ಪ್ರತಿವರ್ಷ ಹೊಸದಾಗಿ ಹೊದೆಸಬೇಕು, ಬೆಂಕಿಯ ಭಯ ಬೇರೆ. ಅನುಕೂಲವಿದ್ದವರು ಕುಂಬಾರರ ನಾಡಹೆಂಚು ಹೊದೆಸಿದರು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ, ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಘಾಟಿ ಹತ್ತಿ ಬಂತು. ಸಗಣಿ ಸಾರಿಸಿದ ನೆಲದ ಜಾಗಕ್ಕೆ ಕೆಂಪು ಗಾರೆ ನೆಲ ಬಂತು. 1974ರ ಭೂಸುಧಾರಣೆಯಿಂದ ದೊಡ್ಡ ಹಿಡುವಳಿಗಳು ಒಡೆದವು, ಅವಿಭಕ್ತ ಕುಟುಂಬಗಳು ಹಿಸ್ಸೆಯಾದವು. ಒಂದೇ ತೊಟ್ಟಿಯ ಸುತ್ತ ಎರಡು ಮೂರು ಅಡುಗೆಮನೆ, ನಡುವೆ ಸಿಮೆಂಟ್ ಗೋಡೆ ಕಂಡರೆ ಅದು ಪಾಲಾದ ಮನೆ. ಆ ಗೋಡೆಯನ್ನೂ ಗಮನವಿಟ್ಟು ನೋಡಿ, ಮನೆಯ ಚರಿತ್ರೆಯಲ್ಲಿ ಅದಕ್ಕೂ ಸ್ಥಾನವಿದೆ. ನನಗೆ ಸಂಕಟವಾಗುವುದು ತೊಟ್ಟಿಯ ಮೇಲೆ ಶೀಟು ಹೊದೆಸಿದ್ದನ್ನು ಕಂಡಾಗ. ಬೆಳಕು, ಗಾಳಿ, ಮಳೆ ಮೂರಕ್ಕೂ ಬಾಗಿಲು ಹಾಕಿದಂತಾಗುತ್ತದೆ.

ಆಗುಂಬೆಯ ದೊಡ್ಡಮನೆಯನ್ನು ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದವರು ಥಟ್ಟನೆ ಗುರುತಿಸುತ್ತಾರೆ. ಅದು ಖಾಸಗಿ ಮನೆ, ಮೊದಲೇ ವಿಚಾರಿಸಿ ಹೋಗಿ. ಹೀಗೆ ಜನ ವಾಸವಿರುವ ಯಾವ ಮನೆಗೆ ಹೋದರೂ ಚಪ್ಪಲಿ ಅಂಗಳದಲ್ಲೇ ಬಿಟ್ಟು, ಜಗಲಿಯಲ್ಲಿ ಕುಳಿತು, ಕರೆದರಷ್ಟೇ ಒಳಗೆ ಹೋಗಿ. ದೇವರ ಕೋಣೆಯ ಫೋಟೊ ಬೇಡ.

ಓಡಾಟಕ್ಕೆ ಅಕ್ಟೋಬರ್‌ನಿಂದ ಫೆಬ್ರವರಿ ಹಿತ. ಆದರೆ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ತೊಟ್ಟಿ ಯಾಕಿದೆ, ಮಾಡು ಯಾಕಿಷ್ಟು ಇಳಿಜಾರು ಎಂಬುದು ಅರ್ಥವಾಗಬೇಕಾದರೆ ಜುಲೈನಲ್ಲೇ ಬನ್ನಿ. ಇಂಬಳಕ್ಕೆ ಉಪ್ಪು ಜೊತೆಗಿರಲಿ.

ಇನ್ನೊಂದು ದಿನ ಬಿಡುವಿದ್ದರೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಅಲ್ಲಿದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ದೊಡ್ಡ ವಾಹನಗಳನ್ನು ತಡೆಯುವುದುಂಟು. ಬಸ್ಸು ಹೋಗುತ್ತದೆಯೇ ಎಂದು ಕೊಪ್ಪದಲ್ಲೇ ಕೇಳಿಕೊಂಡು ಹೊರಡಿ.