ಮನೆಗಿಂತ ಮೊದಲು ಏರಿಯಾ ನೋಡಿ
ಮಕ್ಕಳೊಂದಿಗೆ ಬೆಂಗಳೂರಿನಲ್ಲಿ ನೆಲೆಸುವವರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಮಗುವಿಗೆ ಶಾಲೆ ಸೇರುವ ವಯಸ್ಸಾಯಿತು, ಊರಿನಿಂದ ಅಪ್ಪ–ಅಮ್ಮ ಬಂದು ಜೊತೆಗಿರುತ್ತಾರೆ, ಈಗಿರುವ ಒಂದು ಬೆಡ್‌ರೂಮಿನ ಮನೆ ಇನ್ನು ಸಾಲದು. ಬೆಂಗಳೂರಿನ ಎಷ್ಟೋ ಸಂಸಾರಗಳು ಹೊಸ ಏರಿಯಾ ಹುಡುಕಲು ಹೊರಡುವುದು ಇಂಥ ಹೊತ್ತಿನಲ್ಲೇ. ಹೊರಟ ಕೂಡಲೇ ಕಣ್ಣು ಹೋಗುವುದು ಚದರಡಿ, ಬಾಡಿಗೆ, ಅಡುಗೆಮನೆಯ ಕಪಾಟು, ಕಾರು ನಿಲ್ಲಿಸುವ ಜಾಗದ ಮೇಲೆ. ಆದರೆ ನೀರು ಬರುವುದು, ಶಾಲೆಗೆ ಹೋಗುವುದು, ಸಂಜೆ ಆಡುವುದು, ಅಜ್ಜಿ ಔಷಧಿ ತರುವುದು ಇವೆಲ್ಲ ತೀರ್ಮಾನವಾಗುವುದು ಹೊಸಿಲಿನಾಚೆ. ಮನೆಯೊಳಗಿನ ಕೊರತೆಯನ್ನು ದುಡ್ಡು ಕೊಟ್ಟು ಸರಿಪಡಿಸಬಹುದು. ಬೀದಿಯ ಕೊರತೆಯನ್ನು ಒಬ್ಬರೇ ಸರಿಪಡಿಸಲು ಆಗದು. ಆದ್ದರಿಂದ ಮೊದಲು ಏರಿಯಾ, ಆಮೇಲೆ ಬೀದಿ, ಕೊನೆಗೆ ಮನೆ. ಈ ಕ್ರಮದಲ್ಲಿ ಹುಡುಕುವುದು ಹೇಗೆಂದು ಇಲ್ಲಿ ನೋಡೋಣ.

1. ಮನೆಮಂದಿಯ ದಿನಚರಿ ಬರೆದುಕೊಳ್ಳಿ

ಬ್ರೋಕರ್‌ಗೆ ಫೋನ್ ಮಾಡುವ ಮುನ್ನ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಯಾರು, ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಎಲ್ಲಿಗೆ ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಗಂಡ–ಹೆಂಡತಿಯ ಕಚೇರಿ, ಮಗುವಿನ ಶಾಲೆ, ಅಜ್ಜನ ಡಯಾಲಿಸಿಸ್ ಅಥವಾ ಬಿಪಿ ತಪಾಸಣೆ, ಸಂಗೀತ ಪಾಠ, ದೇವಸ್ಥಾನ, ಊರಿಗೆ ಹೋಗುವ ಬಸ್ಸು ಎಲ್ಲವೂ ಅದರಲ್ಲಿರಲಿ.

ಬರೆದಾದ ಮೇಲೆ ‘ಇದಿಲ್ಲದೆ ಆಗದು’ ಎನ್ನುವಂಥ 3 ಸಂಗತಿಗಳನ್ನು ಆರಿಸಿ. ಉಳಿದವು ‘ಇದ್ದರೆ ಒಳ್ಳೆಯದು’ ಎಂಬ ಪಟ್ಟಿಗೆ ಸೇರಲಿ. ಎಲ್ಲವೂ ಬೇಕೆಂದು ಹೊರಟವರಿಗೆ ಯಾವ ಏರಿಯಾವೂ ಹಿಡಿಸುವುದಿಲ್ಲ. ದಿನಕ್ಕೆರಡು ಸಲ ಮಾಡುವ ಓಡಾಟಕ್ಕೆ ತಿಂಗಳಿಗೊಮ್ಮೆ ಹೋಗುವ ಮಾಲ್‌ಗಿಂತ ಹೆಚ್ಚು ಬೆಲೆ ಕೊಡಿ.

2. ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಪ್ರಯಾಣ ಮಾಡಿ

ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹೋಗಿ ‘ಅರ್ಧ ಗಂಟೆಯ ದಾರಿ’ ಎಂದು ನಂಬಬೇಡಿ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ 8.30ಕ್ಕೆ ಆ ಏರಿಯಾದಿಂದ ಕಚೇರಿಗೆ ಹೊರಟು, ಸಂಜೆ 6.30ಕ್ಕೆ ಮರಳಿ ಬನ್ನಿ. ಮುಂದೆ ಪ್ರತಿದಿನ ಯಾವ ವಾಹನದಲ್ಲಿ ಓಡಾಡುತ್ತೀರೋ ಅದರಲ್ಲೇ ಹೋಗಿ.

ಈಗ ಓಡುತ್ತಿರುವ ಮೆಟ್ರೊ ಮಾರ್ಗಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಹೋಗುತ್ತವೆ. ಎರಡೂ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಹೀಗಾಗಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಜಯನಗರ, ಬನಶಂಕರಿ ಕಡೆಯೂ ಮನೆ ನೋಡಬಹುದು. ವೈಟ್‌ಫೀಲ್ಡ್‌ನಲ್ಲಿ ಕೆಲಸವಿರುವವರು ವಿಜಯನಗರದಲ್ಲಿದ್ದು ರೈಲು ಬದಲಿಸದೆ ಹೋಗಿಬರಬಹುದು.

‘ಇಲ್ಲಿಗೂ ಮೆಟ್ರೊ ಬರುತ್ತದೆ’ ಎಂಬ ಮಾತಿಗೆ ಮಾತ್ರ ಇಂದು ದುಡ್ಡು ಕೊಡಬೇಡಿ. ಹಳದಿ ಮಾರ್ಗದ ಗಡುವೇ ಹಲವು ಸಲ ಮುಂದೆ ಹೋಗಿತ್ತು. ನಿಮ್ಮ ಮಗು ಶಾಲೆಗೆ ಹೋಗುವ ವರ್ಷಗಳು ಯಾವ ಕಾಮಗಾರಿಗೂ ಕಾಯುವುದಿಲ್ಲ.

ಇನ್ನೊಂದು ಮಾತು: ಮನೆಯವರ ಓಡಾಟಗಳಲ್ಲೆಲ್ಲ ಮಗುವಿನದೇ ಚಿಕ್ಕದಾಗಿರಲಿ. ದೊಡ್ಡವರು ಮುಕ್ಕಾಲು ಗಂಟೆ ರೈಲಿನಲ್ಲಿ ನಿಂತಾರು. ಆರು ವರ್ಷದ ಮಗು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಶಾಲಾ ವ್ಯಾನಿನಲ್ಲಿ ಕುಳಿತರೆ ಅದರ ನಿದ್ದೆಯೂ ಹೋಯಿತು, ಆಟವೂ ಹೋಯಿತು. ನಡುಹೊತ್ತಿನಲ್ಲಿ ಜ್ವರ ಬಂತೆಂದು ಶಾಲೆಯಿಂದ ಫೋನ್ ಬಂದರೆ ಯಾರು, ಎಷ್ಟು ಬೇಗ ತಲುಪಬಲ್ಲರು ಎಂಬುದನ್ನೂ ಲೆಕ್ಕ ಹಾಕಿ.

3. ನೀರು: ಏಪ್ರಿಲ್ ತಿಂಗಳ ಉತ್ತರ ಕೇಳಿ

ಬೆಂಗಳೂರು ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಹತ್ತಿರ ದೊಡ್ಡ ನದಿಯಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರ ಪಂಪ್ ಮಾಡಿ ತರಲಾಗುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಹೊರವಲಯದ ಎಷ್ಟೋ ಮನೆಗಳು ಟ್ಯಾಂಕರ್‌ಗಾಗಿ ಕಾದು ಕುಳಿತವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಆರಂಭವಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ ಇದು.

ಆದರೆ ಬೀದಿಯಲ್ಲಿ ಪೈಪ್ ಹಾಕಿದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ ಎಂದಲ್ಲ. ಮನೆ ನೋಡಲು ಹೋದಾಗ ಓನರ್‌ಗೆ ಹೀಗೆ ಕೇಳಿ:

• ಕಾವೇರಿ ಸಂಪರ್ಕ ಇದೆಯೇ? ಇದ್ದರೆ ಇತ್ತೀಚಿನ ಜಲಮಂಡಳಿ ಬಿಲ್ ತೋರಿಸುತ್ತೀರಾ?
• ವಾರಕ್ಕೆ ಎಷ್ಟು ದಿನ, ಯಾವ ಹೊತ್ತಿಗೆ ನೀರು ಬಿಡುತ್ತಾರೆ?
• ಸಂಪ್ ಎಷ್ಟು ಲೀಟರಿನದು, ಎಷ್ಟು ಮನೆಗೆ ಹಂಚಿಕೆಯಾಗುತ್ತದೆ?
• ಕಳೆದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ? ದುಡ್ಡು ಯಾರು ಕೊಟ್ಟರು?
• ಮಳೆನೀರು ಕೊಯ್ಲು ಇದೆಯೇ, ಅದು ಕೆಲಸ ಮಾಡುತ್ತಿದೆಯೇ?

ಇದೇ ಪ್ರಶ್ನೆಗಳನ್ನು ಪಕ್ಕದ ಮನೆಯವರಿಗೂ ಕೇಳಿ. ಉತ್ತರ ಬೇರೆಯಾದರೆ ಪಕ್ಕದ ಮನೆಯವರ ಮಾತನ್ನೇ ನಂಬಿ.

ಕೊಳವೆಬಾವಿ ನೀರೇ ಗತಿಯೆಂದಾದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಕರಗಿದ ಒಟ್ಟು ಲವಣಾಂಶ (ಟಿ.ಡಿ.ಎಸ್.) 500 ಮಿಲಿಗ್ರಾಂ ಒಳಗಿರುವುದು ಲೇಸು. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ನೈಟ್ರೇಟ್ ಹೆಚ್ಚಿರುವ ನೀರು ಹಸುಗೂಸುಗಳಿಗೆ ಅಪಾಯಕಾರಿ. ಕಾಯಿಸಿದರೂ ಅದು ಹೋಗುವುದಿಲ್ಲ.

4. ಮಳೆ: ನೀರು ಎಲ್ಲಿಗೆ ಇಳಿಯುತ್ತದೆ ನೋಡಿ

ಬೇಸಿಗೆಯಲ್ಲಿ ನೀರಿಲ್ಲದ ಬೀದಿಯೇ ಸೆಪ್ಟೆಂಬರ್‌ನಲ್ಲಿ ಮುಳುಗಬಹುದು. ನಗರದ ಮಳೆನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಿಗೆ ಇಳಿಯುತ್ತದೆ. ಕೆರೆಯಿಂದ ಕೆರೆಗೆ ನೀರು ಸಾಗಿಸುವುದು ರಾಜಕಾಲುವೆ. ಕಾಲುವೆ ಕಿರಿದಾದಲ್ಲಿ, ಕೆರೆಯಂಗಳದಲ್ಲಿ ಮನೆ ಎದ್ದಲ್ಲಿ ನೀರು ತನ್ನ ಹಳೆಯ ಜಾಗಕ್ಕೇ ಬರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಸುತ್ತಮುತ್ತ ಕೋಟ್ಯಂತರ ಬೆಲೆಯ ವಿಲ್ಲಾಗಳಿಂದಲೂ ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಕರೆತರಬೇಕಾಯಿತು. ದುಬಾರಿ ಏರಿಯಾ ಎಂದ ಮಾತ್ರಕ್ಕೆ ಸುರಕ್ಷಿತ ಏರಿಯಾ ಅಲ್ಲ.

ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ಮೊಬೈಲ್‌ಗೆ ಹಾಕಿಕೊಳ್ಳಿ. ನಿವೇಶನದಲ್ಲಿ ನಿಂತು ತೆರೆದರೆ ಅದರ ಸರ್ವೆ ನಂಬರ್ ತಿಳಿಯುತ್ತದೆ, ಜಾಗ ಕೆರೆಗೋ ಕಾಲುವೆಗೋ ಖರಾಬಿಗೋ ಸೇರಿದೆಯೇ ಎಂಬ ಸುಳಿವು ಸಿಗುತ್ತದೆ. ಆಮೇಲೆ ಕಣ್ಣಿನ ಪರೀಕ್ಷೆ. ಬೀದಿ ಯಾವ ಕಡೆಗೆ ಇಳಿಜಾರು? ಮನೆಯ ಗೇಟು ರಸ್ತೆಗಿಂತ ಎತ್ತರದಲ್ಲಿದೆಯೇ, ತಗ್ಗಿನಲ್ಲಿದೆಯೇ? ಕಾಂಪೌಂಡ್ ಗೋಡೆಯಲ್ಲಿ ಕೆಸರು ನಿಂತ ಗೆರೆ ಉಂಟೇ? ಬೇಸ್‌ಮೆಂಟ್ ಪಾರ್ಕಿಂಗ್ ಇದ್ದರೆ ನೀರೆತ್ತುವ ಪಂಪ್ ಇದೆಯೇ? ಇಸ್ತ್ರಿ ಅಂಗಡಿಯವರು, ಸೊಪ್ಪು ಮಾರುವವರು, ಆಟೊ ನಿಲ್ದಾಣದವರು ಬೀದಿಯನ್ನು ವರ್ಷವಿಡೀ ನೋಡಿರುತ್ತಾರೆ. ‘ಜೋರು ಮಳೆ ಬಂದರೆ ಇಲ್ಲಿ ಎಲ್ಲಿವರೆಗೆ ನೀರು ನಿಲ್ಲುತ್ತದೆ?’ ಎಂದು ಅವರನ್ನೇ ಕೇಳಿ.

5. ಮಗು, ಅಜ್ಜಿ ಇಬ್ಬರನ್ನೂ ಕರೆದುಕೊಂಡು ನಡೆಯಿರಿ

ಏರಿಯಾ ಒಪ್ಪಿಗೆಯಾಗುತ್ತಿದೆ ಎನ್ನಿಸಿದಾಗ ಮನೆಯ ಚಿಕ್ಕವರನ್ನೂ ಹಿರಿಯರನ್ನೂ ಕರೆದೊಯ್ದು ಒಂದು ಗಂಟೆ ಸುತ್ತಾಡಿ. ಹಾಲಿನ ಬೂತ್, ದಿನಸಿ ಅಂಗಡಿ, ಔಷಧಿ ಅಂಗಡಿ, ಪಾರ್ಕ್, ಬಸ್ ನಿಲ್ದಾಣ, ಗ್ರಂಥಾಲಯ ಇವುಗಳಲ್ಲಿ ಎಷ್ಟನ್ನು ಹದಿನೈದು ನಿಮಿಷದೊಳಗೆ ನಡೆದು ಮುಟ್ಟಬಹುದು? ಫುಟ್‌ಪಾತ್ ಇದೆಯೇ, ಅದರ ಮೇಲೆ ನಡೆಯಲು ಆಗುತ್ತದೆಯೇ? ದೊಡ್ಡ ರಸ್ತೆ ದಾಟುವಾಗ ಅಜ್ಜಿ ಎಷ್ಟು ಹೊತ್ತು ನಿಲ್ಲಬೇಕಾಯಿತು? ಎಂಟು ವರ್ಷದ ಮಗುವನ್ನು ಬ್ರೆಡ್ ತರಲು ಒಂಟಿಯಾಗಿ ಕಳುಹಿಸುವ ಧೈರ್ಯ ನಿಮಗೆ ಬರುವ ಬೀದಿಯೇ ಸಂಸಾರಕ್ಕೆ ಹೊಂದುವ ಬೀದಿ.

ಬಸವನಗುಡಿ, ಮಲ್ಲೇಶ್ವರಗಳನ್ನು ಜನ ಇಂದಿಗೂ ಮೆಚ್ಚಲು ಕಾರಣವಿದೆ. 1898ರ ಪ್ಲೇಗ್ ಬಳಿಕ, ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರತಂದು ಗಾಳಿ–ಬೆಳಕಿನಲ್ಲಿ ನೆಲೆಗೊಳಿಸಲೆಂದು ಬೆಳೆಸಿದ ಯೋಜಿತ ಬಡಾವಣೆಗಳು ಅವು. ಅಲ್ಲಿ ಮಾರುಕಟ್ಟೆ, ದೇವಸ್ಥಾನ, ಶಾಲೆ, ಉದ್ಯಾನ ಎಲ್ಲವೂ ನಡೆಯುವಷ್ಟು ದೂರದಲ್ಲಿವೆ. ಅಲ್ಲಿನ ಬಾಡಿಗೆ ಎಲ್ಲರಿಗೂ ನಿಲುಕದಿರಬಹುದು. ಆದರೆ ಅದೇ ಗುಣವನ್ನು ಬೇರೆಡೆ ಹುಡುಕಬಹುದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಗಳಲ್ಲಿ ಕಾನೂನಿನ ಪ್ರಕಾರ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ, ಆಟದ ಮೈದಾನಗಳಿಗೂ ಇನ್ನೊಂದು ಶೇ 10 ಜಾಗ ನಾಗರಿಕ ಸೌಲಭ್ಯಗಳಿಗೂ, ಅಂದರೆ ಸಿ.ಎ. ನಿವೇಶನಗಳಿಗೂ ಮೀಸಲು. ಯೋಜನೆಯಿಲ್ಲದೆ ಎದ್ದ ರೆವಿನ್ಯೂ ಬಡಾವಣೆಗಳಲ್ಲಿ ಮಕ್ಕಳಿಗೆ ಆಟವಾಡಲು ಉಳಿಯುವುದು ಹಲವೆಡೆ ರಸ್ತೆಯೊಂದೇ.

ರಾತ್ರಿ 9ರ ನಂತರವೂ ಒಮ್ಮೆ ಹೋಗಿ. ಬೀದಿದೀಪಗಳು ಉರಿಯುತ್ತಿವೆಯೇ, ಕೆಲಸ ಮುಗಿಸಿದ ಹೆಣ್ಣುಮಕ್ಕಳು ಒಬ್ಬರೇ ನಡೆದು ಬರುತ್ತಿದ್ದಾರೆಯೇ, ಬೀದಿನಾಯಿಗಳ ಕಾಟ ಎಷ್ಟಿದೆ, ಖಾಲಿ ನಿವೇಶನದಲ್ಲಿ ಕಸ ಸುಡುತ್ತಾರೆಯೇ ಎಂಬುದೆಲ್ಲ ಆಗಲೇ ತಿಳಿಯುವುದು. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಪಕ್ಕದಲ್ಲಿ ಪಬ್, ಕಲ್ಯಾಣಮಂಟಪ ಅಥವಾ ವರ್ಕ್‌ಶಾಪ್ ಇದ್ದರೆ ಈ ಮಿತಿ ಉಳಿದಿದೆಯೇ ಎಂದು ಕಿವಿಗೊಟ್ಟು ಕೇಳಿ.

6. ಶಾಲೆ, ಆಸ್ಪತ್ರೆ

ಹೆಸರಾಂತ ಒಂದೇ ಶಾಲೆಯನ್ನು ನೆಚ್ಚಿ ಏರಿಯಾ ಆರಿಸಬೇಡಿ. ಸೀಟು ಸಿಗದಿದ್ದರೆ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ. ನಿಮಗೆ ಒಪ್ಪುವ ಕನಿಷ್ಠ ಮೂರು ಶಾಲೆಗಳು ಹತ್ತಿರವಿರಲಿ. ಸರ್ಕಾರಿ ಶಾಲೆಯನ್ನೂ ಹೋಗಿ ನೋಡಿ. ಕರ್ನಾಟಕ ಪಬ್ಲಿಕ್ ಶಾಲೆ ಸಮೀಪದಲ್ಲಿದ್ದರೆ ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣದಲ್ಲಿ ಓದು ಮುಗಿಯುತ್ತದೆ.

ಖಾಸಗಿ ಶಾಲೆಯಾದರೆ ಮಾನ್ಯತೆ ಪತ್ರ, ಯಾವ ಪಠ್ಯಕ್ರಮಕ್ಕೆ ಸಂಯೋಜನೆ, ಒಂದು ತರಗತಿಗೆ ಎಷ್ಟು ಮಕ್ಕಳು, ಆಟದ ಮೈದಾನ ಸ್ವಂತದ್ದೇ, ಮಗುವಿನ ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಕೇಳಿ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಅದನ್ನು ಮನಸ್ಸಿಟ್ಟು ಕಲಿಸುವ ಶಿಕ್ಷಕರಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಅಜ್ಜಿಯೊಡನೆ, ಬೀದಿಯವರೊಡನೆ ಮಗು ಮಾತಾಡುವುದು ಆ ಭಾಷೆಯಲ್ಲೇ.

ಮಕ್ಕಳ ವೈದ್ಯರು, ರಾತ್ರಿಯೂ ತೆರೆದಿರುವ ಔಷಧಿ ಅಂಗಡಿ, ತುರ್ತು ಚಿಕಿತ್ಸೆಯಿರುವ ಆಸ್ಪತ್ರೆ ಎಷ್ಟು ದೂರದಲ್ಲಿವೆ ನೋಡಿಕೊಳ್ಳಿ. ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಲ್ಲ, ಸಂಜೆ 7 ಗಂಟೆಯ ಟ್ರಾಫಿಕ್‌ನಲ್ಲಿ ಎಷ್ಟು ನಿಮಿಷ ಎಂದು ಅಳೆಯಿರಿ.

7. ಬಾಡಿಗೆಯ ಲೆಕ್ಕವಲ್ಲ, ತಿಂಗಳ ಲೆಕ್ಕ

ಊಹೆಯ ಒಂದು ಉದಾಹರಣೆ ನೋಡಿ. ದೂರದ ಏರಿಯಾದಲ್ಲಿ ಬಾಡಿಗೆ ₹22,000. ಅದಕ್ಕೆ ಟ್ಯಾಂಕರ್ ಪಾಲು ₹3,000, ಶಾಲಾ ವ್ಯಾನ್ ₹4,000, ಎರಡು ವಾಹನಗಳ ಪೆಟ್ರೋಲ್ ₹8,000 ಸೇರಿದರೆ ₹37,000. ಮೆಟ್ರೊ ಹತ್ತಿರದ ಏರಿಯಾದಲ್ಲಿ ಬಾಡಿಗೆ ₹29,000; ಶಾಲೆಗೆ ನಡಿಗೆ, ಇಬ್ಬರ ಮೆಟ್ರೊ ಖರ್ಚು ₹5,000, ನೀರಿನ ಬಿಲ್ ₹500 ಎಂದುಕೊಂಡರೆ ₹34,500. ಬಾಡಿಗೆ ಹೆಚ್ಚಿದ್ದರೂ ಎರಡನೆಯದೇ ಅಗ್ಗ, ದಿನದಲ್ಲಿ ಉಳಿಯುವ ಸಮಯ ಬೇರೆ. ನಿಮ್ಮ ಅಂಕಿಗಳನ್ನು ಹಾಕಿ ಇದೇ ರೀತಿ ಕೂಡಿಸಿ ನೋಡಿ.

ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ ಇತ್ತು. ಈಗ ಅದಕ್ಕಿಂತ ಕಡಿಮೆಗೆ ಒಪ್ಪುವ ಓನರ್‌ಗಳೂ ಇದ್ದಾರೆ. ಸಂಕೋಚವಿಲ್ಲದೆ ಚೌಕಾಸಿ ಮಾಡಿ. ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ ಹೆಚ್ಚಿನವರು 11 ತಿಂಗಳಿಗೆ ಬರೆಸುತ್ತಾರೆ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಣ್ಣ ಬಳಿಸಲು ಎಷ್ಟು ಹಿಡಿದುಕೊಳ್ಳುತ್ತಾರೆ, ಟ್ಯಾಂಕರ್ ಖರ್ಚು ಯಾರದು ಎಂಬುದು ಕರಾರಿನಲ್ಲೇ ಇರಲಿ.

8. ಕೊಳ್ಳುವ ಮುನ್ನ ಬಾಡಿಗೆಗೆ ಇದ್ದು ನೋಡಿ

ಸ್ವಂತ ಮನೆಯ ಆಸೆಯಿದ್ದರೆ ಅದೇ ಏರಿಯಾದಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಬಾಡಿಗೆಗಿರಿ. ಆ ಒಂದು ವರ್ಷದ ಬಾಡಿಗೆ ದಂಡವಲ್ಲ. 20 ವರ್ಷ ಸಾಲದ ಕಂತು ಕಟ್ಟುವ ನಿರ್ಧಾರಕ್ಕೆ ಅದು ರಕ್ಷಣೆ.

ಕೊಳ್ಳುವಾಗ ನೋಡಬೇಕಾದ ಕಾಗದಗಳು:

• ಇ-ಖಾತಾ: 2024ರ ಅಕ್ಟೋಬರ್‌ನಿಂದ ನೋಂದಣಿಗೆ ಕಡ್ಡಾಯ. ‘ಎ’ ಖಾತೆಯೋ ‘ಬಿ’ ಖಾತೆಯೋ ಕೇಳಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು ನಮೂನೆ ನೋಡಿ.
• ಇಸಿ, ಅಂದರೆ ಋಣಭಾರ ಪ್ರಮಾಣಪತ್ರ: ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲ್‌ನಲ್ಲಿ ಪಡೆಯಬಹುದು. 30 ವರ್ಷಗಳ ವಹಿವಾಟು ನೋಡಿ.
• ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ: 500 ಚದರ ಮೀಟರ್‌ಗಿಂತ ದೊಡ್ಡ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಹೊಸ ಯೋಜನೆಗೆ ಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಬಿಲ್ಡರ್ ಮೇಲಿನ ದೂರುಗಳನ್ನೂ ಓದಿ.
• ಒಸಿ, ಅಂದರೆ ಸ್ವಾಧೀನಾನುಭವ ಪತ್ರ: ಮಂಜೂರಾದ ನಕ್ಷೆಯಂತೆ ಕಟ್ಟಡ ಕಟ್ಟಿದ್ದಾರೆ ಎಂಬುದಕ್ಕೆ ಇದೇ ಸಾಕ್ಷಿ.

2025ರ ಸೆಪ್ಟೆಂಬರ್‌ನಿಂದ ನಗರವು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾಗಿ ಹಂಚಿಹೋಗಿದೆ. ನಿಮ್ಮ ಬೀದಿ ಯಾವ ಪಾಲಿಕೆಗೆ, ಇಲ್ಲವೇ ಯಾವ ಪಂಚಾಯಿತಿಗೆ ಸೇರುತ್ತದೆ ಎಂದು ಖಚಿತಪಡಿಸಿಕೊಳ್ಳಿ. ಕಾಗದಗಳನ್ನು ಬ್ರೋಕರ್ ಹೇಳಿದ ವಕೀಲರ ಬದಲು ನೀವೇ ಹುಡುಕಿದ ವಕೀಲರಿಗೆ ತೋರಿಸಿ.

9. ಅಂಕ ಕೊಟ್ಟು ತೀರ್ಮಾನಿಸಿ, ಬಂದ ಮೇಲೆ ಕೈಜೋಡಿಸಿ

ಕೊನೆಗೆ ಉಳಿದ ಎರಡು–ಮೂರು ಏರಿಯಾಗಳಿಗೆ ಪ್ರಯಾಣ, ನೀರು, ಮಳೆ, ನಡಿಗೆ, ಶಾಲೆ, ಆಸ್ಪತ್ರೆ, ಖರ್ಚು ಎಂಬ ಏಳು ಶೀರ್ಷಿಕೆಯಡಿ ತಲಾ 10 ಅಂಕ ಇಟ್ಟು ಮನೆಯ ಎಲ್ಲರೂ ಅಂಕ ಕೊಡಲಿ. ಮಕ್ಕಳ ಅಂಕವನ್ನೂ ಸೇರಿಸಿ. ನೀರಿಗೋ ಮಳೆಗೋ 4ಕ್ಕಿಂತ ಕಡಿಮೆ ಬಂದ ಏರಿಯಾವನ್ನು, ಒಟ್ಟು ಅಂಕ ಎಷ್ಟೇ ಇರಲಿ, ಕೈಬಿಡಿ.

ಯಾವ ಏರಿಯಾವೂ ಪೂರ್ಣಾಂಕ ಪಡೆಯದು. ಉಳಿದ ಕೊರತೆಯನ್ನು ನೆರೆಹೊರೆಯವರು ಕೂಡಿ ತುಂಬಿದ ಉದಾಹರಣೆಗಳು ಇದೇ ನಗರದಲ್ಲಿವೆ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಮತ್ತೆ ಜೀವ ತಳೆದದ್ದು ಸುತ್ತಲಿನ ನಿವಾಸಿಗಳು ಪಟ್ಟುಹಿಡಿದು ಅಧಿಕಾರಿಗಳ ಜೊತೆ ದುಡಿದದ್ದರಿಂದ. ಆದ್ದರಿಂದ ಮನೆ ಬದಲಿಸಿದ ಮೊದಲ ತಿಂಗಳಲ್ಲೇ ನಿವಾಸಿಗಳ ಸಂಘಕ್ಕೆ ಹೆಸರು ಕೊಡಿ, ವಿಳಾಸ ಬದಲಿಸಿ ಮತದಾರರ ಪಟ್ಟಿಗೆ ಸೇರಿ, ಅಕ್ಕಪಕ್ಕದ ಮನೆಯವರ ಪರಿಚಯ ಮಾಡಿಕೊಳ್ಳಿ. ನಿಮ್ಮ ಮಗುವಿನ ಹೆಸರು ಗೊತ್ತಿರುವ ಹತ್ತು ಮನೆಗಳು ಬೀದಿಯಲ್ಲಿದ್ದರೆ ಯಾವ ಗೇಟೆಡ್ ಕಾಂಪೌಂಡೂ ಕೊಡದ ಭದ್ರತೆ ಆ ಮಗುವಿಗೆ ಸಿಗುತ್ತದೆ. ಅದನ್ನು ಕಟ್ಟಿಕೊಳ್ಳಲು ಅವಕಾಶವಿರುವ ಬೀದಿಯನ್ನೇ ಆರಿಸಿ.