ಅಟ್ಟದಲ್ಲಿ ಸಿಕ್ಕ ತೂಕದ ಬಟ್ಟುಗಳು

ಪ್ರಶ್ನೆ: ತುಮಕೂರಿನಲ್ಲಿ ಅಜ್ಜನ ದಿನಸಿ ಅಂಗಡಿಯ ಅಟ್ಟದ ಮೇಲೆ ಕಬ್ಬಿಣ, ಹಿತ್ತಾಳೆಯ ತೂಕದ ಬಟ್ಟುಗಳು ಸಿಕ್ಕಿವೆ. ಮುದ್ರೆಗಳು ಅರ್ಥವಾಗುತ್ತಿಲ್ಲ. ಗುಜರಿಯವರು ಕೇಳುತ್ತಿದ್ದಾರೆ. ಎಷ್ಟು ಹಳೆಯವು? ಅಂಗಡಿಯಲ್ಲಿ ಬಳಸಬಹುದೇ?

ಉತ್ತರ: ಗುಜರಿಯವರನ್ನು ಸದ್ಯಕ್ಕೆ ವಾಪಸ್ ಕಳಿಸಿ. ಹುಣಸೆಹಣ್ಣು ಹಾಕಿ ತಿಕ್ಕುವ ಯೋಚನೆಯಿದ್ದರೆ ಅದನ್ನೂ ಬಿಡಿ; ಮುದ್ರೆ ಸವೆದರೆ ಗುರುತು ಹಿಡಿಯುವುದು ಕಷ್ಟ.

ಪ್ರತಿಯೊಂದನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. 933 ಗ್ರಾಂ ಆಸುಪಾಸು ಬಂದರೆ ಅದು 80 ತೊಲದ ಸೇರು, 467 ಬಂದರೆ ಅರ್ಧ ಸೇರು. 280 ಬಂದರೆ ಹಳೆ ಮೈಸೂರಿನ 24 ತೊಲದ ಕಚ್ಚಾ ಸೇರು ಇರಬಹುದು. ಸವೆತ, ತುಕ್ಕಿನಿಂದ ಸ್ವಲ್ಪ ಹೆಚ್ಚುಕಡಿಮೆ ಸಹಜ. ಕೆಜಿ ಎಂದಿದ್ದರೆ ಬಹುಪಾಲು 1958ರಲ್ಲಿ ಮೆಟ್ರಿಕ್ ತೂಕ ಜಾರಿಗೆ ಬಂದ ನಂತರದ್ದು.

ಉಬ್ಬಿದ ಅಕ್ಷರಗಳು ಎರಕದಲ್ಲೇ ಮೂಡಿದವು: ತೂಕ, ತಯಾರಕರ ಹೆಸರು. ಒಳಕ್ಕೆ ಒತ್ತಿದವು ಸಾಮಾನ್ಯವಾಗಿ ತಪಾಸಣೆಯ ಮುದ್ರೆಗಳು. ಕಬ್ಬಿಣದ ಬಟ್ಟಿನ ಗುಳಿಯಲ್ಲಿ ತುಂಬಿದ ಸೀಸದ ಮೇಲೆ ಅವನ್ನು ಹುಡುಕಿ. ಮೆಟ್ರಿಕ್ ಬಟ್ಟಾದರೆ ವರ್ಷದ ಎರಡಂಕಿ, ಜೊತೆಗೆ ತ್ರೈಮಾಸಿಕ ಸೂಚಿಸುವ ಎ, ಬಿ, ಸಿ, ಡಿ ಅಕ್ಷರ ಸಿಗುತ್ತದೆ. ಆ ವರ್ಷ ತಪಾಸಣೆಯದು, ಬಟ್ಟು ತಯಾರಾದದ್ದಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಸೀಸವನ್ನು ಕೆರೆಯಬೇಡಿ, ಮುಟ್ಟಿದರೆ ಕೈ ತೊಳೆಯಿರಿ.

ಸೇರಿನ ಬಟ್ಟಿನಲ್ಲಿ ವ್ಯಾಪಾರ ಮಾಡಿದರೆ ಅಪರಾಧ. ಕೆಜಿ ಬಟ್ಟಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಮರುಮುದ್ರೆ ಹಾಕಿಸಲೇಬೇಕು.

ಬೆಲೆಯ ಬಗ್ಗೆ ದೊಡ್ಡ ಆಸೆ ಬೇಡ. ಬಿಡಿ ಕಬ್ಬಿಣದ ಬಟ್ಟುಗಳು ಹೇರಳ. ಪೂರ್ತಿ ಹಿತ್ತಾಳೆ ಸೆಟ್ಟಿದ್ದರೆ ಸಂಗ್ರಾಹಕರು ಕೊಳ್ಳಬಹುದು. ನೂರು ವರ್ಷ ದಾಟಿದ ಅನುಮಾನವಿದ್ದರೆ ಮಾರುವ ಮೊದಲು ಪುರಾತತ್ವ ಇಲಾಖೆಗೆ ತೋರಿಸಿ. 1972ರ ಕಾಯ್ದೆಯಂತೆ ಪುರಾತನ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ.