ಹಗಲು ಪಟ್ಟಿಯಲ್ಲಿ, ರಾತ್ರಿ ಅವರವರ ಜೇಬಿನಲ್ಲಿ

ಹೊಸಪೇಟೆಯವರಿಗೆ ಸಮುದ್ರದ ದಾರಿ ತೋರಿಸಿದ್ದು ಅದಿರಿನ ಲಾರಿಗಳು. ಸಂಡೂರಿನ ಗಣಿಗಳಿಂದ ಹೊರಟು ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲಾ ಬಳಿಯ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದ ಆ ಸಾಲಿನ ಹಿಂದೆ ಕಾರು ಬಿಟ್ಟುಕೊಂಡರೆ ಸಾಕಿತ್ತು, ಸಂಜೆಯೊಳಗೆ ಕಡಲು ಕಾಣುತ್ತಿತ್ತು. ಆಗ ಅದು 63ನೇ ರಾಷ್ಟ್ರೀಯ ಹೆದ್ದಾರಿ, ಈಗ ಹುಬ್ಬಳ್ಳಿವರೆಗೆ 67, ಅಲ್ಲಿಂದ ಮುಂದೆ 52. ಬಂದರಿನ ಲಾರಿಗಳು ಹೋದವು, ಹೆದ್ದಾರಿಯ ಸಂಖ್ಯೆ ಬದಲಾಯಿತು. ಬಿಸಿಲು ಏರಿದ ಕೂಡಲೇ ಗೆಳೆಯರೆಲ್ಲ ಕೂಡಿ ಗೋಕರ್ಣ, ಕಾರವಾರ, ಗೋವಾ ಅಂತ ಹೊರಡುವ ಚಟ ಮಾತ್ರ ನಮ್ಮ ಊರಿನಲ್ಲಿ ಉಳಿದುಕೊಂಡಿತು.

ನಮ್ಮದೂ ಅಂಥದ್ದೇ ಗುಂಪು, ಕಾಲೇಜಿನ ಕಾಲದ್ದು. ಸಂಡೂರಿನವನದು ಟಿಪ್ಪರ್ ವ್ಯವಹಾರ. ಕಂಪ್ಲಿಯವನು ಭತ್ತ ಬೆಳೆಯುತ್ತಾನೆ. ಮತ್ತೊಬ್ಬನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಇನ್ನೊಬ್ಬ ಹಂಪಿಯಲ್ಲಿ ಗೈಡ್. ನಾನು ಹೊಸಪೇಟೆಯಲ್ಲಿ ನಾಲ್ಕು ಜನರ ತೆರಿಗೆ ಲೆಕ್ಕ ಬರೆದುಕೊಂಡು ಇರುವವನು. ಬೆಂಗಳೂರಿನ ಕಂಪನಿ ಹುಡುಗರ ಗುಂಪಾದರೆ ಎಲ್ಲರಿಗೂ ತಿಂಗಳ ಕೊನೆಗೆ ಸಂಬಳ ಬೀಳುತ್ತದೆ, ಪ್ರವಾಸದ ಬಜೆಟ್ ಮಾಡುವುದು ಸುಲಭ. ನಮ್ಮ ಕಡೆ ಹಾಗಲ್ಲ. ಗೈಡ್‌ಗೆ ಅಕ್ಟೋಬರಿನಿಂದ ಫೆಬ್ರವರಿವರೆಗೆ ಕೈತುಂಬ ಕೆಲಸ. ಮೇನಲ್ಲಿ ಹಂಪಿಯ ಬಂಡೆ ಕಾದು ನಿಂತಾಗ ಅವನ ಜೇಬು ಖಾಲಿ. ಭತ್ತದವನ ರೊಕ್ಕ ಕಾಲುವೆಯ ನೀರನ್ನೂ ದಲ್ಲಾಳಿ ಅಂಗಡಿಯ ಲೆಕ್ಕವನ್ನೂ ನೆಚ್ಚಿಕೊಂಡಿರುತ್ತದೆ. ನನಗೆ ಫೀ ಬರುವುದು ರಿಟರ್ನ್ ಸಲ್ಲಿಸುವ ಕಾಲ ಬಂದ ಮೇಲೆ, ಜುಲೈನಲ್ಲಿ. ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗುವ ಐವರಲ್ಲಿ ಕೈಯಲ್ಲಿ ನಿಜವಾಗಿ ದುಡ್ಡು ಓಡಾಡುವುದು ಒಬ್ಬಿಬ್ಬರಿಗೆ ಮಾತ್ರ. ಪ್ರವಾಸದ ಹಣಕಾಸು ಶುರುವಾಗಬೇಕಾದ್ದು ಇಲ್ಲಿಂದ. ಜನ ಶುರು ಮಾಡುವುದು ಪೆಟ್ರೋಲಿನಿಂದ.

ಪೆಟ್ರೋಲ್ ಅಂಥ ದೊಡ್ಡ ಖರ್ಚೇ ಅಲ್ಲ. ಹೊಸಪೇಟೆಯಿಂದ ಗೋಕರ್ಣ ಸುಮಾರು 300 ಕಿ.ಮೀ. ಅಲ್ಲಿಂದ ಕಾರವಾರ, ಕಾಳಿ ಸೇತುವೆ, ಮಾಜಾಳಿ, ಪಾಳೊಳೆಂ ಮೇಲೆ ಹಾದು ಕಲಂಗೂಟ್, ಬಾಗಾ ಸುತ್ತಿ, ಅನಮೋಡ ಘಟ್ಟ ಹತ್ತಿ ಹುಬ್ಬಳ್ಳಿ ಮೇಲೆ ವಾಪಸಾದರೆ ಒಳ ಓಡಾಟವೂ ಸೇರಿ 900 ಕಿ.ಮೀ. ಎಂದುಕೊಳ್ಳಿ. ಲೀಟರಿಗೆ 15 ಕಿ.ಮೀ. ಓಡುವ ಕಾರು, ಲೀಟರಿಗೆ 104 ರೂಪಾಯಿ ಹಿಡಿದರೂ 6,240 ರೂಪಾಯಿ. ಐವರಿಗೆ ತಲಾ 1,250ಕ್ಕೆ ಎರಡು ರೂಪಾಯಿ ಕಡಿಮೆ. ಗೋವಾದಲ್ಲಿ ಪೆಟ್ರೋಲ್ ಅಗ್ಗ, ಕಾರವಾರದಲ್ಲಿ ಟ್ಯಾಂಕ್ ತುಂಬಿಸದೆ ಗಡಿ ದಾಟಿ ತುಂಬಿಸಿದರೆ ಇನ್ನಷ್ಟು ಉಳಿಯುತ್ತದೆ. ಫಾಸ್ಟ್ಯಾಗ್‌ನಲ್ಲಿ ಹಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಟೋಲ್‌ನಲ್ಲಿ ಯುಪಿಐನಲ್ಲಿ ಕಟ್ಟಿದರೂ ಒಂದೂಕಾಲು ಪಟ್ಟು. ಫಾಸ್ಟ್ಯಾಗ್‌ನ ವಾರ್ಷಿಕ ಪಾಸ್ ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗುವವರಿಗೆ ಬೇಡ. ವ್ಯಾಪಾರಕ್ಕೆ ಆಗಾಗ ಹುಬ್ಬಳ್ಳಿಗೆ ಓಡಾಡುವವರಿಗೆ ಸರಿ. ಕಾರೇ ಬೇಡ ಎನ್ನುವವರಿಗೆ ಗೋವಾದ ವಾಸ್ಕೊಗೆ ಓಡುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ನಿಲ್ದಾಣದ ಮೇಲೆಯೇ ಹೋಗುತ್ತದೆ. ಸ್ಲೀಪರ್ ಟಿಕೆಟ್ ದರ ಆ ಪೆಟ್ರೋಲ್ ಪಾಲಿಗಿಂತ ಬಹಳ ಕಡಿಮೆ, ದಾರಿಯ ದೂಧ್‌ಸಾಗರ ಜಲಪಾತದ ನೋಟ ಪುಕ್ಕಟೆ. ಆದರೆ ಬುಕಿಂಗ್ ತೆರೆಯುವುದು 60 ದಿನ ಮೊದಲು. ಮೇ ಟಿಕೆಟ್ಟಿಗೆ ಮಾರ್ಚ್‌ನಲ್ಲೇ ಕೂರಬೇಕು.

ಈಗ ಗಣಿಯ ಕಾಲದ ಮಾತಿಗೆ ಬರುತ್ತೇನೆ, ಏಕೆಂದರೆ ಈ ಅಂಕಣದ ಅಸಲು ವಿಷಯ ಅಲ್ಲಿದೆ.

ಅದಿರಿಗೆ ಚೀನಾದ ಬೆಲೆ ಬಂದ ಆ ವರ್ಷಗಳಲ್ಲಿ ಸಂಡೂರಿನ ಗೆಳೆಯ ನಮ್ಮೊಳಗಿನ ದೊರೆ. ಬಿಲ್ ಬಂದರೆ ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ‘ಇಡ್ರಲೇ ನಿಮ್ ರೊಕ್ಕ ಒಳಗ’ ಅನ್ನುತ್ತಿದ್ದ. ರೂಮು ಅವನದು, ಊಟ ಅವನದು, ಬಾಗಾದ ಪಬ್ಬಿನ ಟೇಬಲ್ಲೂ ಅವನದೇ. ನಮಗೆ ಅದು ಔದಾರ್ಯವಾಗಿ ಕಾಣುತ್ತಿತ್ತು, ಅವನಿಗೂ ಹಾಗೇ ಕಾಣುತ್ತಿತ್ತು. ಟಿಪ್ಪರ್‌ಗಳ ಮೇಲೆ ಸಾಲವಿತ್ತು ಅನ್ನುವುದು ಯಾರ ತಲೆಗೂ ಹೋಗುತ್ತಿರಲಿಲ್ಲ. ದಿನಾ ದುಡ್ಡು ಬರುವವನ ಕಂತಿನ ಬಗ್ಗೆ ಯಾರು ಕೇಳುತ್ತಾರೆ?

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರದ ಕೈ ಸೇರಿತು. ಎರಡೇ ದಿನಕ್ಕೆ, 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ವಿಜಯನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಬಳ್ಳಾರಿಯವರೇ. ಊರ ಸುತ್ತಲೂ ರಸ್ತೆಬದಿಯಲ್ಲಿ ಲಾರಿಗಳು ಗಾಳಿ ಇಳಿದು ನಿಂತವು. ಕಂತು ಮಾತ್ರ ನಿಲ್ಲಲಿಲ್ಲ.

ಮುಂದಿನ ಬೇಸಿಗೆಗೆ ಅವನು ಬರಲಿಲ್ಲ. ಮನೆಯಲ್ಲಿ ಮದುವೆ ಎಂದ. ಅದರ ಮುಂದಿನ ಬೇಸಿಗೆಗೆ ತಾಯಿಗೆ ಆರಾಮಿಲ್ಲ ಎಂದ. ತಲಾ ಪಾಲು ಕೊಡುವಷ್ಟು ಅವನಲ್ಲಿ ಆಗಲೂ ಇತ್ತು. ಎಲ್ಲರ ಬಿಲ್ ಕೊಟ್ಟವನಿಗೆ ತನ್ನ ಪಾಲು ಮಾತ್ರ ಎಣಿಸಿ ಕೊಟ್ಟು ಕೂರುವುದು ಕಷ್ಟವಾಗಿತ್ತು. ಒಬ್ಬನೇ ಖರ್ಚು ಹೊರುವ ಗುಂಪಿನಲ್ಲಿ ಅವನ ಕೈ ಬಿಗಿಯಾದ ದಿನ ಅವನಿಗೇ ಜಾಗ ಇರುವುದಿಲ್ಲ. ಔದಾರ್ಯದ ಈ ಬೆಲೆಯನ್ನು ಯಾವ ಬಜೆಟ್ ಆ್ಯಪ್ ಕೂಡ ತೋರಿಸುವುದಿಲ್ಲ.

ಆಮೇಲೆ ಕಂಪ್ಲಿಯವನು ಒಂದು ಪದ್ಧತಿ ತಂದ, ಊರ ಜಾತ್ರೆಗೆ ಪಟ್ಟಿ ಎತ್ತುವುದನ್ನು ಸ್ವಲ್ಪ ತಿರುಗಿಸಿ. ಜಾತ್ರೆಯ ಪಟ್ಟಿಯಲ್ಲಿ ಯಾರು ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಕೂಗುತ್ತಾರೆ. ನಮ್ಮಲ್ಲಿ ಕೂಗುವುದಿಲ್ಲ. ಹೊರಡುವ ತಿಂಗಳ ಮೊದಲು ಪ್ರತಿಯೊಬ್ಬನೂ ತನಗೆ ಭಾರವಾಗದ ಮೊತ್ತವನ್ನು ನನಗೊಬ್ಬನಿಗೆ ವಾಟ್ಸ್ಆ್ಯಪ್ ಮಾಡುತ್ತಾನೆ. ಅದರಲ್ಲಿ ಯಾವುದು ತೀರಾ ಕಡಿಮೆಯೋ ಅದನ್ನೇ ಎಲ್ಲರ ಪಾಲು ಎಂದು ಗುಂಪಿಗೆ ಹಾಕುತ್ತೇನೆ. ಅದು ಯಾರ ಮೊತ್ತ ಎಂದು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಒಂದು ವರ್ಷ ಆ ಮೊತ್ತಕ್ಕೆ ಗೋವಾ ಸಿಗಲಿಲ್ಲ. ಗೋಕರ್ಣದಲ್ಲೇ ಉಳಿದೆವು, ಕುಡ್ಲೆ, ಓಂ ಬೀಚ್, ರಾತ್ರಿ ಮೀನೂಟ, ನಿದ್ದೆ. ನನ್ನ ಮಟ್ಟಿಗೆ ಅದೇ ಒಳ್ಳೆಯ ಪ್ರವಾಸ, ತೋರಣಗಲ್ಲಿನವನು ಈಗಲೂ ಒಪ್ಪುವುದಿಲ್ಲ.

ಪಟ್ಟಿಯ ದುಡ್ಡು ಹಗಲಿಗೆ ಮಾತ್ರ. ಪೆಟ್ರೋಲ್, ಟೋಲ್, ರೂಮು, ತಿಂಡಿ, ಮಧ್ಯಾಹ್ನದ ಊಟ. ಸೂರ್ಯ ಮುಳುಗಿದ ಮೇಲಿನದೆಲ್ಲ ಅವರವರ ಜೇಬಿನಿಂದ. ನಮ್ಮ ಗೈಡ್ ಕುಡಿಯುವುದಿಲ್ಲ. ಗೋಬಿ ತಿಂದವನಿಗೂ ವಿಸ್ಕಿ ಕುಡಿದವನಿಗೂ ತಲಾ ಇಷ್ಟು ಎಂದು ಭಾಗಿಸುವ ಅನ್ಯಾಯ ಹೋಟೆಲ್ ಬಿಲ್ಲಿನಲ್ಲಿ ನಡೆಯುವಷ್ಟು ಬೇರೆಲ್ಲೂ ನಡೆಯುವುದಿಲ್ಲ. ಕುಡಿಯದವನು ಮಾತಾಡುವುದಿಲ್ಲ, ಕುಡಿದವನಿಗೆ ನೆನಪಿರುವುದಿಲ್ಲ.

ರಾತ್ರಿಯ ಖರ್ಚಿಗೆ ಅಂಕುಶ ಹಾಕಲು ನಾನು ಬಳಸುವುದು ಯುಪಿಐ ಲೈಟ್. ಅದರಲ್ಲಿ ಹೆಚ್ಚೆಂದರೆ 5,000 ರೂಪಾಯಿ ಇಡಬಹುದು, ಒಂದು ಸಲಕ್ಕೆ 1,000ಕ್ಕಿಂತ ಹೆಚ್ಚು ಹೋಗುವುದಿಲ್ಲ. ಸಂಜೆ ಅಷ್ಟಕ್ಕೆ ತುಂಬಿ, ತಾನೇ ತುಂಬಿಕೊಳ್ಳುವ ಆಟೋ ಟಾಪ್-ಅಪ್ ಬಂದ್ ಮಾಡಿ, ಕಾರ್ಡ್ ರೂಮಿನಲ್ಲಿ ಬಿಟ್ಟು ಹೊರಡುತ್ತೇನೆ. ಮುಗಿದರೆ ಮುಗಿಯಿತು. ಬಾಗಾ, ಕಲಂಗೂಟ್ ಕಡೆ ಗಂಡಸರಷ್ಟೇ ಇರುವ ಗುಂಪಿಗೆ ಕ್ಲಬ್ಬುಗಳಲ್ಲಿ ಪ್ರವೇಶ ದುಬಾರಿ, ಕೆಲವೆಡೆ ಬಾಗಿಲಲ್ಲೇ ಬೇಡ ಎನ್ನುತ್ತಾರೆ. ಆಗ ಬೀದಿಯಲ್ಲಿ ಒಬ್ಬ ಏಜೆಂಟ್ ಬಂದು ‘ನನ್ನ ಜೊತೆ ಬನ್ನಿ, ಅಗ್ಗದ ಜಾಗ ತೋರಿಸುತ್ತೇನೆ’ ಎನ್ನುತ್ತಾನೆ. ಹೋಗಬೇಡಿ. ಹಾಗೆ ಹೋದ ಒಂದು ಕಡೆ ಕುಳಿತ ಮೇಲೆ ಟೇಬಲ್ಲಿಗೇ ಬೇರೆ ದರ ಎಂದರು, ಎದ್ದು ಬರಲು ತೋರಣಗಲ್ಲಿನವನ ಅರ್ಧ ಸಂಬಳ ಬೇಕಾಯಿತು. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ತೆಗೆಸಿ. ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ.

ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗಿನ ಬಗ್ಗೆ ನನ್ನನ್ನು ಕೇಳುವವರು ಬಹಳ, ಅದಕ್ಕೆ ತೆರಿಗೆಯವನಾಗಿಯೇ ಉತ್ತರ ಹೇಳುತ್ತೇನೆ. 2023ರ ಅಕ್ಟೋಬರ್‌ನಿಂದ ಚಿಪ್ ಕೊಳ್ಳುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಎಲೆ ಹಾಕುವ ಮುಂಚೆಯೇ ಆಟ ಇಷ್ಟು ದುಬಾರಿ. ಅದೃಷ್ಟಕ್ಕೆ ಗೆದ್ದಿರೋ, ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ, ಅದರ ಮೇಲೆ ಸೆಸ್; ನಿಮ್ಮ ವರ್ಷದ ಆದಾಯ ಎಷ್ಟೇ ಕಡಿಮೆ ಇರಲಿ ವಿನಾಯಿತಿ ಇಲ್ಲ. ಶನಿವಾರ ಸೋತದ್ದನ್ನು ಭಾನುವಾರ ಗೆದ್ದದ್ದರಲ್ಲಿ ಕಳೆದು ತೋರಿಸುತ್ತೇನೆ ಎಂದರೆ ಕಾನೂನು ಒಪ್ಪುವುದಿಲ್ಲ.

ಸಾಲ ಮಾಡಿ ಹೋಗುವವರಿಗೆ ಒಂದೇ ಲೆಕ್ಕ. ಕ್ರೆಡಿಟ್ ಕಾರ್ಡಿನಲ್ಲಿ 20,000 ಬಾಕಿ ಉಳಿಯಿತು, ಬಡ್ಡಿ ತಿಂಗಳಿಗೆ ಶೇ 3.5 ಎಂದುಕೊಳ್ಳಿ. ತಿಂಗಳ ಬಡ್ಡಿ 700, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 126. ನೀವು ಸಾವಿರ ಕಟ್ಟಿದರೆ ಅಸಲಿಗೆ ಸೇರುವುದು 174 ರೂಪಾಯಿ. ಜೂನ್‌ನಲ್ಲಿ ಮಕ್ಕಳ ಶಾಲೆಯ ಫೀಸು, ಹೊಲಕ್ಕೆ ಬೀಜ ಗೊಬ್ಬರ ಎಲ್ಲ ಒಟ್ಟಿಗೆ ಬಂದಾಗ ಆ ಸಾವಿರವೂ ಕಟ್ಟಲಾಗದೆ ನನ್ನ ಬಳಿ ಬಂದವರಿದ್ದಾರೆ. ಇದಕ್ಕಿಂತ ಜೂನ್‌ನಿಂದಲೇ ಬ್ಯಾಂಕಿನಲ್ಲಿ ತಿಂಗಳಿಗೆ 500ರ ಆರ್‌ಡಿ ಕಟ್ಟಿ, ಏಪ್ರಿಲ್ ಹೊತ್ತಿಗೆ 5,500 ಮತ್ತು ಬಡ್ಡಿ ಕೈಯಲ್ಲಿರುತ್ತದೆ. ಆರ್‌ಡಿ ಅವರವರ ಹೆಸರಿನಲ್ಲೇ ಇರಲಿ. ವರ್ಷವಿಡೀ ಗುಂಪಿನ ದುಡ್ಡನ್ನು ಒಬ್ಬನ ಖಾತೆಯಲ್ಲಿ ಕೂಡಿಸಬೇಡಿ. ಬಡ್ಡಿ ಅವನ ಆದಾಯ ಎನಿಸುತ್ತದೆ, ಅವನಿಗೆ ಏನಾದರೂ ಆದರೆ ಅವನ ಮನೆಯವರ ಹತ್ತಿರ ಹೋಗಿ ಕೇಳುವುದು ಯಾರು?

ಕಾರಿನ ವಿಷಯ ಬೇಗ ಮುಗಿಸುತ್ತೇನೆ. ಪರಿಚಯದವರ ವೈಟ್ ಬೋರ್ಡ್ ಕಾರನ್ನು ದಿನದ ಬಾಡಿಗೆಗೆ ತರುವುದು ನಮ್ಮಲ್ಲಿ ಮಾಮೂಲು. ಬಾಡಿಗೆಗೆ ಓಡಿದ ಖಾಸಗಿ ಕಾರು ಗುದ್ದಿದರೆ ವಿಮಾ ಕಂಪನಿ ಕಾರಿನ ರಿಪೇರಿಗೆ ಹಣ ಕೊಡಬೇಕಿಲ್ಲ. ಪಾಲಿಸಿಯಲ್ಲಿರುವ 15 ಲಕ್ಷದ ಕಡ್ಡಾಯ ಅಪಘಾತ ವಿಮೆ ಕಾರಿನ ಮಾಲೀಕನಿಗೆ ಮಾತ್ರ. ಸ್ಟೀರಿಂಗ್ ಹಿಡಿದ ಗೆಳೆಯನಿಗಲ್ಲ, ಹಿಂದೆ ಕುಳಿತವರಿಗಲ್ಲ. ಪ್ರಯಾಣಿಕರ ರಕ್ಷಣೆಗೆ ಬೇರೆ ಪ್ರೀಮಿಯಂ ಕಟ್ಟಿದ್ದಾರೆಯೇ ಎಂದು ಹೊರಡುವ ಮುಂಚೆ ಪಾಲಿಸಿ ತೆರೆದು ನೋಡಿ. ಕುಡಿದು ಓಡಿಸಿ ಸಿಕ್ಕರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗೋವಾದಲ್ಲಿ ಅಗ್ಗ ಎಂದು ಡಿಕ್ಕಿಯಲ್ಲಿ ಬಾಟಲಿ ತುಂಬಿಕೊಂಡು ಬರುವವರಿಗೆ ಮಾಜಾಳಿಯಲ್ಲೂ ಅನಮೋಡದಲ್ಲೂ ಅಬಕಾರಿ ತಪಾಸಣೆ ಇದೆ. ನಮ್ಮ ರಾಜ್ಯದ ಸುಂಕ ಕಟ್ಟದ ಮದ್ಯ ಸಿಕ್ಕರೆ ಪ್ರಕರಣ ಬೀಳುತ್ತದೆ, ಕಾರೂ ಜಪ್ತಿಯಾಗಬಹುದು. ಬಾಟಲಿಗೆ ನೂರೋ ಇನ್ನೂರೋ ಉಳಿಸಲು ಹತ್ತು ಲಕ್ಷದ ಕಾರನ್ನು ಪಣಕ್ಕಿಡುವ ಜಾಣರನ್ನು ಕಂಡಿದ್ದೇನೆ.

ಹೋಗುವುದಾದರೆ ಮೇ ಮುಗಿಯುವುದರೊಳಗೆ ಹೋಗಿ ಬನ್ನಿ. ಮಳೆ ಹಿಡಿದ ಮೇಲೆ ಆ ರಸ್ತೆಯನ್ನು ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿಯಿತು, ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ರೂಮನ್ನು ಮೊದಲೇ ಹಿಡಿದಿಡಿ; ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಈಗ ಜಿಎಸ್‌ಟಿ ಶೇ 12 ಅಲ್ಲ, ಶೇ 5. ಬಿಲ್ಲಿನಲ್ಲಿ ಹಳೆಯ ದರ ಹಾಕಿದ್ದರೆ ಕೇಳಿ.

ನಮ್ಮ ಸಂಡೂರಿನವನು ಈಗ ಬರುತ್ತಾನೆ, ತನ್ನ ಪಾಲು ಎಲ್ಲರಿಗಿಂತ ಮೊದಲು ಹಾಕುತ್ತಾನೆ. ನಿಮ್ಮ ಗುಂಪಿನಲ್ಲೂ ಎರಡು ಮೂರು ಬೇಸಿಗೆಯಿಂದ ಮದುವೆ, ಹುಷಾರಿಲ್ಲ, ಕೆಲಸ ಎಂದು ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿರುವವರು ಇರಬಹುದು. ಈ ವರ್ಷ ಮೊದಲ ಫೋನ್ ಅವರಿಗೆ ಮಾಡಿ, ಪಟ್ಟಿಯ ಮೊತ್ತವನ್ನು ಅವರಿಂದಲೇ ಕೇಳಿ ಗೊತ್ತುಮಾಡಿ.